ಬಣ್ಣ ಯಾವುದಾದರೇನು

ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಗೋಕುಲ ರಸ್ತೆಯ ಮಹಡಿಯೊಂದರ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಮಾಲಕನೇ ಮಾಸ್ತರ. ಕಂಪ್ಯೂಟರಿಗೆ ಧೂಳು ಹಿಡಿಯುತ್ತದೆ, ಚಪ್ಪಲಿ ಹೊರಗೆ ಬಿಡಬೇಕು ಎಂಬುದು ಅವನು ಕಲಿಸಿದ ಮೊದಲ ಪಾಠ. ಅವನ ಬೂಟಿಗೆ ಧೂಳು ಹತ್ತುತ್ತಿರಲಿಲ್ಲವೇನೋ, ಅವು ಒಳಗೇ ಓಡಾಡುತ್ತಿದ್ದವು.

ಹೊಸ ಕಂಪ್ಯೂಟರುಗಳು ಬಂದಾಗ ವೈರಿಂಗನ್ನೂ ತಾನೇ ಮಾಡಿದ. ಕೆಂಪು ವೈರು ಮುಗಿಯಿತೆಂದು ಕರೆಂಟಿಗೆ ಹಸಿರು ಎಳೆದ. ಉಪ್ಪಿನಬೆಟಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ, ನನ್ನ ಪಕ್ಕ ಕೂರುವ ಹುಡುಗಿ ಕೇಳಿದಳು: "ಸರ್, ಹಸರು ಅರ್ಥಿಂಗಿಗೆ ಅಲ್ರಿ?"

"ಬಣ್ಣ ಯಾವುದಾದ್ರೇನವಾ? ಕರೆಂಟಿಗೇನು ಕಣ್ಣ ಅದಾವೇನು?"

ಮರುದಿನ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆಮೆಯ ಪಾಠ. ಪರದೆಯ ಮೇಲೆ ಆಮೆ ಎಂದು ಕರೆಯುವ ಪುಟ್ಟ ಬಾಣವೊಂದು ಗೆರೆ ಎಳೆಯುತ್ತ ಹೋಗುತ್ತದೆ. ಪ್ರತಿ ಗೆರೆಯ ಬಣ್ಣವನ್ನು ಕಂಪ್ಯೂಟರೇ ಮನಬಂದಂತೆ ಆರಿಸುವ ಹಾಗೆ ನಾವು ಬರೆಯಬೇಕು. "ರ‍್ಯಾಂಡಮ್ ಅಂದ್ರ ಹಿಂಗ. ಮುಂದಿನ ಬಣ್ಣ ಯಾವುದಂತ ಆ ಆಮಿಗೂ ಗೊತ್ತಿಲ್ಲ, ಅದರಪ್ಪಗೂ ಗೊತ್ತಿಲ್ಲ," ಎಂದು ತಾನೇ ಅದನ್ನು ಹುಟ್ಟಿಸಿದವನಂತೆ ಎದೆಯುಬ್ಬಿಸಿದ.

ಅವಳ ಪರದೆಯಲ್ಲಿ ಹೂವೊಂದು ಅರಳುತ್ತಿತ್ತು. ಒಂದೆಸಳು ನೀಲಿ, ಪಕ್ಕದ್ದು ಕೇಸರಿ. ಅದನ್ನು ಕಾಪಿ ಮಾಡಿಕೊಳ್ಳಲು, ಪೆನ್ ಡ್ರೈವ್ ಹಿಡಿದು ಕಂಪ್ಯೂಟರಿನ ತಗಡಿನ ಪೆಟ್ಟಿಗೆಯ ಹಿಂಬದಿಗೆ ಕೈ ಹಾಕಿದಳು. ಕೈ ಅಲ್ಲೇ ಅಂಟಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಬರಿಗಾಲು, ಆಗಷ್ಟೇ ಒರೆಸಿದ ಒದ್ದೆ ನೆಲ. ತಾನೇ ಎಳೆದ ಹಸಿರಿನಲ್ಲಿ ಕರೆಂಟಿರುವುದನ್ನು ಮರೆತು ಅವನು ಅದನ್ನು ಅರ್ಥಿಂಗಿಗೂ ಕೂಡಿಸಿದ್ದನೆಂದು, ಇಡೀ ತಗಡಿಗೆ ಕರೆಂಟು ಬಂದಿತ್ತೆಂದು ಆಮೇಲೆ ಬೋರ್ಡು ಬಿಚ್ಚಿದಾಗ ತಿಳಿಯಿತು.

"ಯಾರೂ ಮುಟ್ಟಬ್ಯಾಡ್ರಿ!" ಎಂದು ಕಿರುಚಿ ಮಾಲಕ ಬಾಗಿಲಿಗೆ ಹಾರಿದ. ಮೇನ್ ಸ್ವಿಚ್ಚು ಅವನ ತಲೆಯ ಮೇಲೇ ಇತ್ತು. ಬೂಟು ಕಾಲಲ್ಲಿತ್ತು. ಕೈ ಮಾತ್ರ ಏಳಲಿಲ್ಲ. ಅವನನ್ನು ತಳ್ಳಿ ನಾನು ಸ್ವಿಚ್ಚು ಕೆಳಗೆಳೆದೆ. ಈಗಲೂ ಕನಸಿನಲ್ಲಿ ನಾನು ತಳ್ಳುತ್ತೇನೆ, ಅವನು ಅಲ್ಲಿಂದ ಸರಿಯುವುದಿಲ್ಲ.

ಅವಳು ನೆಲಕ್ಕೆ ಬಿದ್ದಳು. ಎಷ್ಟೋ ಹೊತ್ತಾಯಿತು ಎನಿಸಿದ ಮೇಲೆ ಉಸಿರೆಳೆದಳು. ಮಾಲಕನ ಮೊದಲ ಮಾತು, "ಮಷೀನ್ ಸುಟ್ಟಿಲ್ಲ ಹೌದಿಲ್ಲೋ?" ನಂತರ ಅವಳಿಗೆ, "ಅಂಜಬ್ಯಾಡವಾ, ಸಣ್ಣ ಝಟಕಾ. ನೀರ ಕುಡಿ."

ಅವಳು ಕುಡಿಯಲಿಲ್ಲ. ಸುಟ್ಟ ಅಂಗೈಯನ್ನು ಎದೆಗೆ ಒತ್ತಿಕೊಂಡು, ಗೋಡೆ ಹಿಡಿದು ಹೊರಗೆ ಹೋದಳು. ಚಪ್ಪಲಿ ಮೆಟ್ಟಿ ತಿರುಗಿ ಒಳಗೆ ಬಂದು, ಒದ್ದೆ ನೆಲದ ಮೇಲೆ ಮಣ್ಣಿನ ಹೆಜ್ಜೆ ಮೂಡಿಸುತ್ತ ತನ್ನ ಚೀಲ ಎತ್ತಿಕೊಂಡಳು.

"ಚಪ್ಪಲಿ..." ಎಂದ ಆ ಮನುಷ್ಯ. ಆಗಲೂ.

"ಹೌದ್ರಿ ಸರ್. ನಿಮ್ಮ ಬೂಟ ನೋಡೇ ಕಲತೇನ್ರಿ."