ನೊರೆಗೂಡಿಗೆ ಕೈ ಹಾಕಿದ್ದು

ಪಿರಿಯಾಪಟ್ಟಣದ ಹತ್ತಿರದ ನಮ್ಮ ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಫೈಟರ್ ಮೀನಿನ ಮರಿ ಮಾಡಿಸುತ್ತೇನೆಂದು ನಾನು ಹಟ ಹಿಡಿದಾಗ ಅತ್ತೆ ನಕ್ಕರು.

"ಸಾರಿಗೂ ಆಗಕಿಲ್ಲ, ಮಾರಾಕೂ ಆಗಕಿಲ್ಲ. ಯಾತಕ್ಕಮ್ಮಿ ಇದು?"

ಯಾತಕ್ಕೂ ಅಲ್ಲ. ನನಗೆ ಬೇಕಿತ್ತು, ಅಷ್ಟೇ.

ಗಂಡು ಮೀನು ನೀರಿನ ಮೇಲೆ ಬಾಯಿಟ್ಟು ಗಾಳಿ ಕುಡಿದು, ಗುಳ್ಳೆಗುಳ್ಳೆಯಾಗಿ ಉಗುಳಿ ನೊರೆಯ ಗೂಡು ಕಟ್ಟಿತು. ಮೊಟ್ಟೆಯಿಟ್ಟ ಹೆಣ್ಣನ್ನು ಅದು ಕಚ್ಚಿ ಕೊಲ್ಲುತ್ತದೆಂದು ಟೀ ಜಾಲರಿಯಲ್ಲಿ ಎತ್ತಿ ಬೇರೆ ಬಾಟಲಿಗೆ ಬಿಟ್ಟೆ. ಆಮೇಲಿನ ಬಾಣಂತನವೆಲ್ಲ ಗಂಡಿನದೇ. ಜಾರಿದ ಮೊಟ್ಟೆಯನ್ನು ಬಾಯಲ್ಲಿ ಎತ್ತಿ ನೊರೆಗೆ ಅಂಟಿಸುವುದು, ಮತ್ತೆ ಜಾರಿದರೆ ಮತ್ತೆ ಎತ್ತುವುದು. ನನಗೆ ನೋಡಲಾಗಲಿಲ್ಲ. ಒಣಗಿಸಲೆಂದು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದವಳು ಎದ್ದುಬಂದು, ಕೈಗೆ ಒಂದಿಷ್ಟು ನೀರು ಹಾಕಿಕೊಂಡು, ತಳದಲ್ಲಿದ್ದ ಮೊಟ್ಟೆಗಳನ್ನು ಬೆರಳಲ್ಲೇ ಎತ್ತಿಕೊಟ್ಟೆ.

ಮರುದಿನ ಗಂಡು ಮಗ್ಗುಲಾಗಿ ತೇಲುತ್ತಿತ್ತು. ಮೊಟ್ಟೆ ಒಂದೂ ಉಳಿಯಲಿಲ್ಲ.

ಅತ್ತೆ ನನ್ನ ಬೆರಳ ಸಂದಿಯ ಕಪ್ಪು ಅಂಟು ನೋಡಿದರು. "ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸಿದ್ರೆ ಬದನೆಗಿಡದ ಹೇನೇ ಸಾಯ್ತದೆ. ಮೀನು ಉಳಿದಾತಾ?"

ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಸೊಪ್ಪಿನ ಕೆಲಸ ಬಿಡುವಂತಿರಲಿಲ್ಲ. ಮೀನು ಬಿಡುವವಳು ನಾನಲ್ಲ. ಆ ವಾರವೇ ಇನ್ನೊಂದು ಗಂಡು ತಂದೆ. ನಮ್ಮ ಮನೆಯಲ್ಲಿ ಸೊಪ್ಪು ಮುಟ್ಟದ ಕೈ ಒಂದೇ ಒಂದು, ಮಂಡಿನೋವೆಂದು ಅಡುಗೆಮನೆಯಲ್ಲೇ ಇದ್ದ ಅತ್ತೆಯದು. ನಕ್ಕವರ ಮುಂದೆಯೇ ನಿಂತು ಕೇಳಿದೆ.

"ನಿಮ್ಮ ಕೈ ಬೇಕು ಅತ್ತೆ."

ಅವರು ನನ್ನನ್ನೇ ನೋಡಿ, ಸೆರಗಿಗೆ ಕೈ ಒರೆಸಿಕೊಂಡರು. ತೊಟ್ಟಿ ತೊಳೆದರು, ಹೆಣ್ಣನ್ನು ಬಿಟ್ಟರು, ಮೊಟ್ಟೆಯಿಟ್ಟ ಮೇಲೆ ತೆಗೆದರು. ಮರಿಗಳಿಗೆ ತಣ್ಣನೆ ಗಾಳಿ ತಾಗಬಾರದೆಂದು ಮೇಲೆ ಗಾಜು ಮುಚ್ಚಿದರು. ತೊಟ್ಟಿಯ ಹತ್ತಿರ ಬಂದ ನನ್ನ ಗಂಡನಿಗೂ ಗದರಿದರು: "ಕೈ ತೋರ್ಸಲಾ ಮೊದ್ಲು."

ಕೆಲವು ವಾರ ಕಳೆದು, ನಾನು ಸೊಪ್ಪು ಕಟ್ಟುತ್ತಿದ್ದಾಗ ಒಳಗಿನಿಂದ ಕೂಗಿದರು. "ಬಾಮ್ಮಿ, ಮೇಲ್ಬಂದು ಉಸಿರು ತಕ್ಕತಾವೆ."

ಓಡಿದೆ. ಮರಿಗಳಿಗೆ ಗಾಳಿ ಕುಡಿಯುವ ಶಕ್ತಿ ಹುಟ್ಟಿನಿಂದ ಬರುವುದಿಲ್ಲ. ಅದು ಬರುವ ದಿನದವರೆಗೆ ಬದುಕಿದರೆ ಅರ್ಧ ಗೆದ್ದಂತೆ. ಜೀರಿಗೆಯಷ್ಟಿದ್ದ ಒಂದು ಮೇಲೆ ಬಂತು, ಬಾಯಿ ತೆರೆಯಿತು, ಕೆಳಗಿಳಿಯಿತು. ಹಿಂದೆಯೇ ಇನ್ನೊಂದು.

"ಕೈ ಹಿಂದಕ್ಕೆ," ಎಂದರು ಅತ್ತೆ.

ಅಂಟು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅಳು ಬಂದೇಬಿಟ್ಟಿತು. ಕಣ್ಣೊರೆಸಿದ್ದು ಅತ್ತೆ.