ಹಾಸ್ಟೆಲಿನಲ್ಲಿ ಹಾಕಿದ ಎಲೆ

ಸತ್ತವರು ಬಂದು ಉಣ್ಣುತ್ತಾರೆ ಎಂದು ನಾನು ನಂಬಿದವಳಲ್ಲ. ನಮ್ಮ ಮನೆಯಲ್ಲೂ ಹೋದವರಿಗೆ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುವ ಕ್ರಮವಿತ್ತು. ತಣ್ಣಗಾದ ಆ ಅನ್ನವನ್ನು ಆಮೇಲೆ ನಾವೇ ಉಣ್ಣುತ್ತಿದ್ದೆವು. ಕುಂದಾಪುರದ ಕಾಲೇಜಿನ ಹಳೆಯ ಸಂಗತಿ ಬರೆದುಕೊಡಿ ಎಂದು ಕಾಲೇಜಿನವರು ಈಗ ಕೇಳಿದ್ದಾರೆ. ನಾಟಕ, ಭಾಷಣ, ಬಹುಮಾನಗಳ ಬಗ್ಗೆ ಬರೆಯಲು ಕಲಿತವರಿದ್ದಾರೆ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಹಾಸ್ಟೆಲಿನಲ್ಲಿ ಅಡುಗೆ ಮಾಡಿದವಳು. ಕಂಡದ್ದನ್ನು ಬರೆಯುತ್ತೇನೆ. ನಂಬದಿದ್ದರೆ ಬಿಡಿ.

ಅರವತ್ತರ ದಶಕದ ಕೊನೆ. ಬೈಂದೂರು ಕಡೆಯ ಸುಧಾಕರ ಎಂಬ ಹುಡುಗನಿದ್ದ. ಕಾಲೇಜಿನ ನಾಟಕದಲ್ಲಿ ಸೀರೆ ಉಟ್ಟು ಎಲ್ಲರನ್ನೂ ನಗಿಸಿದವನು. ಉಂಡಾದ ಮೇಲೆ ಬಾಳೆಎಲೆಯನ್ನು ಆಚೆಗೆ ಮಡಚುವುದು ಅವನ ಅಭ್ಯಾಸ. ನಮ್ಮಲ್ಲಿ ಎಲೆಯನ್ನು ಈಚೆಗೆ, ನಮ್ಮ ಕಡೆಗೇ ಮಡಚಬೇಕು. ಆಚೆಗೆ ಮಡಚುವುದು ಸಾವಿನ ಊಟದಲ್ಲಿ ಮಾತ್ರ.

"ಹ್ವಾಯ್ ಮಾಣಿ, ಇದೆಂತ ಬೊಜ್ಜದ್ ಊಟ್ವಾ?" ಎಂದು ದಿನಾ ಬೈಯುತ್ತಿದ್ದೆ.

"ನಿಮ್ ಸಾರ್ ಉಂಡ್ರೆ ಹಾಂಗೇ ಅನ್ಸತ್ತ್ ಅಕ್ಕಾ" ಎನ್ನುತ್ತಿದ್ದ.

ಒಂದು ಭಾನುವಾರ ತ್ರಾಸಿಯ ಕಡಲಿಗೆ ಈಜಲು ಹೋದವನು ಹೆಣವಾಗಿ ಬಂದ. ಕೆಲವು ವಾರಗಳ ನಂತರ ಅವನ ತಾಯಿ ಬಸ್ಸಿನಲ್ಲಿ ಬಂದರು. ಮಗ ಕನಸಿನಲ್ಲಿ ಬಂದು ಹಸಿವು ಎನ್ನುತ್ತಾನಂತೆ.

"ಮನಿಯಂಗೆ ಬಡ್ಸಿ ಆಯ್ತ್ ಅಕ್ಕಾ. ಅವ ಉಂಬುದೆಲ್ಲ ಇಲ್ಲೇ ಅಲ್ದಾ? ಇಲ್ಲೊಂದ್ ಎಲಿ ಹಾಕ್ತೆ."

ವಾರ್ಡನ್ ಕೇಳಿಸಿಕೊಂಡರು. "ಇದು ಕಾಲೇಜು. ಇಲ್ಲಿ ಎಲೆ ಹಾಕಿದರೆ ನಾಳೆಯಿಂದ ನೀನು ಬರುವುದು ಬೇಡ" ಎಂದು ನನಗೆ ಹೇಳಿದರು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೂ ಆ ಹೆಂಗಸನ್ನು ಬರಿಗೈಯಲ್ಲಿ ಬಸ್ಸು ಹತ್ತಿಸಲು ನನಗಾಗಲಿಲ್ಲ.

"ನಾಳಿದ್ ನಾಳಿಗಾಯ್ತ್. ಇವತ್ತ್ ಅಡ್ಗಿ ನಂದ್" ಎಂದೆ.

ಮಧ್ಯಾಹ್ನ, ಹುಡುಗರೆಲ್ಲ ಉಂಡು ಕ್ಲಾಸಿಗೆ ಹೋದ ಮೇಲೆ, ಅವನು ಕೂರುತ್ತಿದ್ದ ಜಾಗದಲ್ಲಿ ಎಲೆ ಹಾಕಿ ಬಡಿಸಿದೆವು. ಕಿಟಕಿಗಳನ್ನು ನಾನೇ ಮುಚ್ಚಿದೆ. ಊಟದ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅದಕ್ಕೆ ಬೆನ್ನು ಕೊಟ್ಟು ಇಬ್ಬರೂ ಕುಳಿತೆವು. ಒಳಗೆ ಸದ್ದಿಲ್ಲ.

ಬಾಗಿಲು ತೆರೆದಾಗ ಎಲೆ ಮಡಚಿತ್ತು. ಬಿಡಿಸಿ ನೋಡಿದೆ. ಅನ್ನ ಹಾಗೇ ಇತ್ತು, ಸಾರು ಒಂದು ತೊಟ್ಟೂ ಹರಿದಿರಲಿಲ್ಲ. ಆದರೆ ಎಲೆ ಆಚೆಗೆ ಮಡಚಿರಲಿಲ್ಲ. ನಾನು ದಿನಾ ಹೇಳುತ್ತಿದ್ದ ಹಾಗೆ ಈಚೆಗೆ, ಕೂತವನ ಕಡೆಗೆ ಮಡಚಿತ್ತು.

"ಉಂಡ" ಎಂದಷ್ಟೇ ಹೇಳಿ ತಾಯಿ ಕಣ್ಣೊರೆಸಿಕೊಂಡರು.

ಸಂಜೆ ಹಾಸ್ಟೆಲಿನಲ್ಲಿ ಗುಲ್ಲಾಯಿತು. ವಾರ್ಡನ್ ಕರೆದು, "ನೀನೇ ಮಡಚಿದ್ದು ಎಂದು ಹುಡುಗರಿಗೆ ಹೇಳಿಬಿಡು, ಕೆಲಸ ಉಳಿಯುತ್ತದೆ" ಎಂದರು.

"ನಾ ಮಡ್ಚಲಿಲ್ಲ. ಮಡ್ಚದ್ದನ್ನ ಮಡ್ಚಿದೆ ಅಂದೇಳಿ ಹೆಂಗ್ ಹೇಳುದ್?" ಎಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಹೋಗಿ ಒಲೆ ಹಚ್ಚಿದೆ. ವಾರ್ಡನ್ ಬಾಗಿಲಿನವರೆಗೆ ಬಂದು, ನೋಡಿ, ತಿರುಗಿ ಹೋದರು.

ಗಾಳಿ ಎಂದವರಿದ್ದಾರೆ, ಬೆಕ್ಕು ಎಂದವರಿದ್ದಾರೆ. ಮಡಚುವ ದಿಕ್ಕು ಬೆಕ್ಕಿಗೆ ಯಾರು ಕಲಿಸಿದರು? ಸತ್ತವರು ಬರುತ್ತಾರೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ನಾನು ಮಡಚಿದೆ ಎಂದೂ ಒಪ್ಪುವುದಿಲ್ಲ.