ಕಲ್ಲುಗುಪ್ಪೆಯ ರಾಣಿ

ಬಂಡೆಹಟ್ಟಿಯ ಏಕಾಂತಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಹೇಳಲಿ. ಗಳ ಹಿಡಿದು ಹುಣಸೆಮರ ಬಡಿದು, ಸೀತಾಫಲದ ಕಾಲಕ್ಕೆ ಪುಟ್ಟಿ ಹೊತ್ತು ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮಾರಿ, ತಾನು ಹೆರದ ಮಗುವನ್ನು ಸಾಕಿ ಆಳೆತ್ತರ ಮಾಡಿದವಳು ಸಿಟ್ಟನ್ನೂ ಇಟ್ಟುಕೊಳ್ಳಬಾರದು ಎಂದರೆ ಹೇಗೆ? ಆದರೆ ಈ ವರ್ಷ ಅವಳಿಗೆ ಬಂದ ಸಿಟ್ಟು ದಿನನಿತ್ಯದ್ದಲ್ಲ. ಅದನ್ನು ಹೇಳಬೇಕಾದರೆ ಮೊದಲು ಗುಡ್ಡದ ದಾರಿಯನ್ನು ಹೇಳಬೇಕು.

ಹಟ್ಟಿ ಇರುವುದು ಗುಡ್ಡದ ಈ ಮಗ್ಗುಲಲ್ಲಿ. ಆ ಮಗ್ಗುಲಲ್ಲಿ ವೇದಾವತಿ ಹೊಳೆ, ಹೊಳೆಯ ಪಕ್ಕದಲ್ಲೇ ಮಾರಿಕಣಿವೆ ಕಡೆಯಿಂದ ಬರುವ ಬಸ್ಸಿನ ರಸ್ತೆ. ಹಟ್ಟಿಯವರು ಬಸ್ಸು ಹಿಡಿಯಬೇಕೆಂದರೆ ಗುಡ್ಡದ ಸಂದಿಗೆ ಹತ್ತಿ ಆ ಕಡೆ ಇಳಿಯಬೇಕು. ಮೊದಲು ಅದು ದಾರಿಯೇ ಆಗಿರಲಿಲ್ಲ. ಉರುಳುವ ಕಲ್ಲು, ಸೀರೆಯ ಸೆರಗು ಹಿಡಿದು ಬಿಡದ ಕಾರೆಮುಳ್ಳು, ಮಳೆಗಾಲದಲ್ಲಿ ಜಾರುವ ಬಂಡೆ. ಅಲ್ಲಿ ಮನುಷ್ಯರಿಗಿಂತ ಮೇಕೆಗಳೇ ಸಲೀಸಾಗಿ ಓಡಾಡುತ್ತಿದ್ದವು.

ಏಕಾಂತಮ್ಮನ ತಂಗಿ ಸುಮಿತ್ರಾಳನ್ನು ಆ ದಾರಿಯಲ್ಲಿ ಹೊತ್ತುಕೊಂಡು ಹೋಗಿದ್ದರು. ಚೊಚ್ಚಲ ಹೆರಿಗೆ. ಮಗು ಅಡ್ಡ ಬಂದಿತ್ತು. ಬಿದಿರು ಗಳಕ್ಕೆ ಕಂಬಳಿ ಕಟ್ಟಿ, ಅದರೊಳಗೆ ಅವಳನ್ನು ಮಲಗಿಸಿ, ಗಂಡಸರು ಹೆಗಲು ಬದಲಿಸುತ್ತ ಸಂದಿಯ ನೆತ್ತಿಯವರೆಗೆ ತಂದರು. ಅಲ್ಲಿಂದ ಮುಂದಕ್ಕೆ ಆಗಲಿಲ್ಲ. ಮಗು ಅಲ್ಲೇ ಹುಟ್ಟಿತು, ತಾಯಿ ಅಲ್ಲೇ ಹೋದಳು. ಕಂಬಳಿ ಇಳಿಸಿದ ಜಾಗದಲ್ಲಿ ಹೊತ್ತವರು ಒಂದೊಂದು ಕಲ್ಲಿಟ್ಟರು. ದಾರಿಯಲ್ಲಿ ಸತ್ತವರಿಗೆ ಹಾಗೆ ಕಲ್ಲಿಡುವುದು ಹಟ್ಟಿಯ ಪದ್ಧತಿ. ಆಮೇಲೆ ಆ ಕಡೆ ಹೋಗುವವರೆಲ್ಲ ಒಂದು ಕಲ್ಲು ಹಾಕಿ, "ದಾರಿ ಕೊಡವ್ವ ಸುಮಿತ್ರವ್ವ" ಎಂದು ಮುಂದೆ ನಡೆದರು. ದಾರಿ ಸಿಗದೆ ಸತ್ತವಳ ಹತ್ತಿರವೇ ದಾರಿ ಬೇಡುವುದು ವಿಚಿತ್ರವೇ. ಆದರೂ ಬೇಡಿದರು, ಗುಪ್ಪೆ ಬೆಳೆಯಿತು.

ಮಗುವಿನ ಅಪ್ಪ ಕರಿಯಣ್ಣ ವರ್ಷ ತುಂಬುವುದರೊಳಗೆ ಹೊಸದುರ್ಗದ ಕಡೆ ಇನ್ನೊಂದು ಮದುವೆಯಾಗಿ ಹೋದ. ಏಕಾಂತಮ್ಮ ಮಗುವಿಗೆ ದುರ್ಗೇಶ ಎಂದು ಹೆಸರಿಟ್ಟು, ಮೇಕೆಹಾಲು ಕುಡಿಸಿ ಸಾಕಿದಳು.

ದಾರಿ ಮಾಡಿಕೊಡಿ ಎಂದು ಹಟ್ಟಿಯವರು ಕೇಳದ ಬಾಗಿಲಿಲ್ಲ. ಒಬ್ಬ ಸಾಹೇಬರಂತೂ, "ಇದು ಕಾಡು ಕಣ್ರಮ್ಮ, ಇಲ್ಲಿ ಒಂದು ಕಲ್ಲು ಆ ಕಡೆಯಿಂದ ಈ ಕಡೆಗೆ ಇಡೋ ಹಾಗಿಲ್ಲ" ಎಂದು ಬುದ್ಧಿ ಹೇಳಿ ಕಳಿಸಿದ್ದರು. ಅದನ್ನೂ ನಂಬಿದರು. ಕಾನೂನು ಎಂದರೆ ಹಾಗೆಯೇ ಇರಬೇಕು ಎಂದುಕೊಂಡರು.

ಹಾಗಂದುಕೊಂಡಿದ್ದವರ ಕಣ್ಣೆದುರೇ ಚಿತ್ರದುರ್ಗದಿಂದ 'ಹೆಜ್ಜೆ ಬಳಗ' ಬಂತು. ಭಾನುವಾರ ಬಂದರೆ ಬೂಟು ಹಾಕಿಕೊಂಡು ಹೊಳೆದಂಡೆಯ ಹೊಂಗೆಮರಗಳ ಕೆಳಗೆ ನಡೆದು, ಗುಡ್ಡ ಹತ್ತಿ, ಗಾಳಿ ಕುಡಿದು ಹೋಗುವವರು. ನಡೆಯಲಿ, ಯಾರು ಬೇಡ ಅಂದರು? ಆದರೆ ಒಂದೇ ಬೇಸಿಗೆಯಲ್ಲಿ ಮುಳ್ಳು ಕಡಿಸಿದರು, ಮೆಟ್ಟಿಲು ಕಟ್ಟಿಸಿದರು, ಜಾರುವ ಕಡೆ ಕಬ್ಬಿಣದ ಕಂಬಿ ಹಾಕಿಸಿದರು, ನೆತ್ತಿಯಲ್ಲಿ ಸುಸ್ತಾರಿಸಿಕೊಳ್ಳಲು ಸಿಮೆಂಟಿನ ಬೆಂಚೂ ಬಂತು. ಕಲ್ಲುಗಳು ಆ ಕಡೆಯಿಂದ ಈ ಕಡೆಗೆ ಧಾರಾಳವಾಗಿ ಬಂದವು. ಹೆತ್ತು ಸಾಯುವವಳಿಗೆ ಇಲ್ಲದ ದಾರಿ ಉಂಡದ್ದು ಅರಗಿಸಲು ಬಂದವರಿಗೆ ಸಿಕ್ಕಿತು. ಇದನ್ನು ನೋಡಿ ಸಿಟ್ಟು ಬರದವರನ್ನು ಏನೆನ್ನಬೇಕೋ ನನಗೆ ತಿಳಿಯದು.

ಏಕಾಂತಮ್ಮ ಅದನ್ನೂ ನುಂಗಿಕೊಂಡಳು. ದುರ್ಗೇಶನನ್ನು ಬಳಗದವರು ದಾರಿ ತೋರಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ನೀಲಿ ಟೀಶರ್ಟು, ಕೊರಳಿಗೆ ಸೀಟಿ. ಹುಡುಗನಿಗೆ ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟಳು.

ಒಂದು ಗುರುವಾರ ಸಂತೆಯಿಂದ ಬರುವಾಗ ಗುಪ್ಪೆಯ ಪಕ್ಕದಲ್ಲಿ ಹೊಸ ಹಸಿರು ಬೋರ್ಡು ನಿಂತಿತ್ತು. ನಾಲ್ಕನೇ ಕ್ಲಾಸಿನವರೆಗೆ ಕಲಿತ ಓದು ಅವಳದ್ದು. ಪುಟ್ಟಿ ಇಳಿಸಿ, ಅಕ್ಷರ ಕೂಡಿಸಿ ಓದಿದಳು. 'ರಾಣಿಗುಪ್ಪೆ. ಪಾಳೆಯಗಾರರ ಕಾಲದ ರಾಣಿಯೊಬ್ಬಳು ಯುದ್ಧಕ್ಕೆ ಹೋದ ಪ್ರಿಯಕರನ ದಾರಿ ಕಾಯುತ್ತ ಇಲ್ಲಿ ಪ್ರಾಣಬಿಟ್ಟಳು. ಒಂದು ಕಲ್ಲಿಟ್ಟು ಬೇಡಿಕೊಂಡರೆ ಇಷ್ಟಾರ್ಥ ನೆರವೇರುವುದು.' ಎರಡನೇ ಸಲವೂ ಓದಿದಳು. ಓದಿದ್ದು ತಪ್ಪಿರಲಿಲ್ಲ. ಅವಳ ಅಂಗಾಲಿನ ಉರಿ ನೆತ್ತಿಗೇರಿತು.

ಮನೆಗೆ ಬಂದವಳೇ, ಜಗಲಿಯಲ್ಲಿ ಬೂಟು ಒರೆಸುತ್ತ ಕೂತಿದ್ದ ದುರ್ಗೇಶನ ಮುಂದೆ ಪುಟ್ಟಿ ಕುಕ್ಕಿದಳು.

"ಲೇ, ಯಾವಳೋ ಅವಳು ರಾಣಿ?"

ಅವನಿಗೆ ತಕ್ಷಣ ಅರ್ಥವಾಯಿತು. ತಲೆ ಎತ್ತಲಿಲ್ಲ. "ಶ್ರೀನಿವಾಸ್ ಸಾರ್ ಕೇಳಿದ್ರು ದೊಡ್ಡವ್ವ, ಈ ಗುಪ್ಪೆಗೆ ಏನಾದ್ರೂ ಹಿಸ್ಟರಿ ಐತೇನಪ್ಪ ಅಂತ. ಏನೋ ಒಂದು ಹೇಳ್ದೆ."

"ಇದ್ದಿದ್ದು ಹೇಳಾಕೆ ಬಾಯಿಗೆ ಏನು ಬಡಿದಿತ್ತು ನಿಂಗೆ?"

"ಒಬ್ಳು ಹೆಂಗಸು ಹೆರಿಗೆ ಟೈಮಾಗೆ ಸತ್ಲು ಅಂದ್ರೆ ಯಾರು ಬರ್ತಾರೆ ನೋಡಾಕೆ? ಅವರು ಭಾನುವಾರ ಖುಷಿಯಾಗಿರಾಣ ಅಂತ ಬರೋರು."

"ಒಬ್ಳು ಹೆಂಗಸಲ್ಲ ಕಣೋ, ನಿಮ್ಮವ್ವ." ಏಕಾಂತಮ್ಮನ ದನಿ ಒಡೆಯಿತು. "ಅವಳದ್ದು ಅಂತ ಒಂದು ಫೋಟೋ ಇಲ್ಲ, ಒಂದು ಸಮಾಧಿ ಇಲ್ಲ. ಇದ್ದಿದ್ದೇ ಆ ಕಲ್ಲು. ಅದನ್ನೂ ಯಾವಳಿಗೋ ಬರ್ಕೊಟ್ಟು ಬಂದೆಯಲ್ಲೋ. ಕಂಬಳಿ ಹೊತ್ತೋರೆಲ್ಲ ಮುದುಕರಾದ್ರು. ಅವರೂ ಹೋದ ಮೇಲೆ ಸುಮಿತ್ರಾ ಅನ್ನೋಳು ಇದ್ಲು ಅಂತ ಯಾರು ಹೇಳ್ತಾರೆ? ಆ ಬೋರ್ಡು ಹೇಳುತ್ತಾ?"

ದುರ್ಗೇಶ ಬೂಟಿನ ದಾರವನ್ನು ಬಿಚ್ಚಿ ಕಟ್ಟಿದ. "ಬಾಯಿ ಬಿಟ್ರೆ ಕೆಲಸ ಹೋಗ್ತೈತೆ ದೊಡ್ಡವ್ವ" ಎಂದಷ್ಟೇ ಹೇಳಿದ. ಅವಳು ಅಂದು ಅವನಿಗೆ ಬಡಿಸಿ ಜಗಲಿಗೆ ಎದ್ದು ಹೋದಳು.

ಭಾನುವಾರ ಬೆಳಿಗ್ಗೆ ಬಳಗದವರು ಹೊಳೆಯ ಹತ್ತಿರ ವ್ಯಾನಿನಿಂದ ಇಳಿದಾಗ ಏಕಾಂತಮ್ಮ ಅಲ್ಲಿ ಹೊಂಗೆಮರದ ಕೆಳಗೆ ಎಲೆಅಡಿಕೆ ಮೆಲ್ಲುತ್ತ ನಿಂತಿದ್ದಳು. ಬಳಗದ ಮುಖಂಡ ಶ್ರೀನಿವಾಸ್, ಬ್ಯಾಂಕಿನಿಂದ ನಿವೃತ್ತರಾದ ಮರ್ಯಾದಸ್ಥರು, "ಬರ್ರಿ ಅಮ್ಮ, ನೀವೂ ಬರ್ರಿ, ಲೋಕಲ್ ಜನ ಬಂದ್ರೆ ನಮಗೂ ಚೆಂದ" ಎಂದರು. ಇವಳ ಗುಡ್ಡಕ್ಕೆ ಇವಳನ್ನೇ ಕರೆಯುವ ದೊಡ್ಡತನ. ಅವಳು ಹಿಂದೆ ಹಿಂದೆ ಹತ್ತಿದಳು. ದುರ್ಗೇಶ ಮುಂದಿದ್ದ, ತಿರುಗಿ ನೋಡುತ್ತಿರಲಿಲ್ಲ.

ನೆತ್ತಿಯಲ್ಲಿ ಎಲ್ಲರೂ ನೀರು ಕುಡಿದರು. ಬೋರ್ಡು ಓದಿದರು. ಕಲ್ಲು ಹುಡುಕಿ ತಂದು, ಕಣ್ಣು ಮುಚ್ಚಿ, ಪ್ರಮೋಷನ್ನನ್ನೋ ಸೈಟನ್ನೋ ಬೇಡಿಕೊಂಡು ಗುಪ್ಪೆಯ ಮೇಲಿಟ್ಟರು. ಬೆಂಚಿನ ಮೇಲೆ ಕೂತಿದ್ದ ಬೃಂದಾ ಎಂಬ ಕಾಲೇಜು ಮೇಡಂ ಕೈಯಲ್ಲಿ ಕಲ್ಲು ಹಿಡಿದುಕೊಂಡೇ ಕೇಳಿದಳು. "ದುರ್ಗೇಶ್, ರಾಣಿ ಹೆಸರೇನು? ಬೋರ್ಡಲ್ಲಿ ಇಲ್ವಲ್ಲ."

ದುರ್ಗೇಶ ಬಾಯಿ ತೆರೆದ. ದೊಡ್ಡವ್ವ ಗುಪ್ಪೆಯ ಆ ಕಡೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳು ಕಣ್ಣಲ್ಲಿ ಗದರಿಸಲೂ ಇಲ್ಲ, ಸನ್ನೆ ಮಾಡಲೂ ಇಲ್ಲ. ಸುಮ್ಮನೆ ನೋಡುತ್ತಿದ್ದಳು.

"ರಾಣಿ ಅಲ್ಲ ಮೇಡಂ" ಎಂದ ದುರ್ಗೇಶ. "ಸುಮಿತ್ರಾ ಅಂತ. ನಮ್ಮವ್ವ. ಆಸ್ಪತ್ರೆಗೆ ಹೊತ್ಕೊಂಡು ಹೋಗುವಾಗ ಇಲ್ಲೇ ಸತ್ಲು. ದಾರಿ ಇರ್ಲಿಲ್ಲ. ನಾನು ಹುಟ್ಟಿದ್ದು ಇಲ್ಲೇ, ನೀವು ಕುಂತಿದ್ದೀರಲ್ಲ, ಅಲ್ಲೇ."

ಬೃಂದಾ ಬೆಂಚು ಬಿಟ್ಟು ಎದ್ದಳು. ಯಾರೋ ಒಬ್ಬರು, "ಪಾಪ, ಈಗಾದ್ರೂ ಮೆಟ್ಟಿಲು ಆಯ್ತಲ್ಲ ಬಿಡಿ" ಎಂದರು.

"ಆಯ್ತು" ಎಂದಳು ಏಕಾಂತಮ್ಮ. "ನೀವು ಬಂದ್ರಿ ಅಂತ ಆಯ್ತು."

ಆಮೇಲೆ ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೋರ್ಡಿನ ಮೇಲಿನ 'ರಾಣಿ'ಗೆ ಬೆರಳಿನಿಂದ ದಪ್ಪವಾಗಿ ಸುಣ್ಣ ಬಳಿದಳು. ಡಬ್ಬಿಯನ್ನು ದುರ್ಗೇಶನ ಕೈಗೆ ಕೊಟ್ಟು, "ಬರಿ" ಎಂದಳು. ಅವನು ಅದರ ಮೇಲುಗಡೆ ಖಾಲಿ ಇದ್ದ ಜಾಗದಲ್ಲಿ ತಾಯಿಯ ಹೆಸರು ಬರೆದ. ಕೊನೆಯ ಅಕ್ಷರ ಸೊಟ್ಟಗಾಯಿತು. ಶ್ರೀನಿವಾಸ್ ಕೆಮ್ಮಿ, ಇದನ್ನು ಕಮಿಟಿಯಲ್ಲಿ ಮಾತಾಡೋಣ, ಬೋರ್ಡು ಹಾಳು ಮಾಡುವುದು ಸರಿಯಲ್ಲ ಎಂದರು. ಬೋರ್ಡು ಹಾಳಾದದ್ದು ಅವರಿಗೆ ಕಂಡಿತು, ನೋಡಿ.

ಮುಂದಿನ ಭಾನುವಾರದ ಹೊತ್ತಿಗೆ ಯಾರೋ ಸುಣ್ಣ ತೊಳೆದಿದ್ದರು. ರಾಣಿ ಮತ್ತೆ ಹಸಿರು ಬೋರ್ಡಿನಲ್ಲಿ ಪ್ರಿಯಕರನ ದಾರಿ ಕಾಯುತ್ತಿದ್ದಳು. ಏಕಾಂತಮ್ಮ ಏದುಸಿರು ಬಿಡುತ್ತ ನೆತ್ತಿಗೆ ಹತ್ತಿ, ಸಂಚಿಗೆ ಕೈಹಾಕುವುದರೊಳಗೆ ಬಳಗದವರ ನಡುವಿನಿಂದ ದುರ್ಗೇಶ ಮುಂದೆ ಬಂದ. ಒಂದು ಕಲ್ಲಿಟ್ಟು, "ದಾರಿ ಕೊಡವ್ವ" ಎಂದ. ಆಮೇಲೆ ಜೇಬಿನಿಂದ ಒಂದು ಹೊಸ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದ. ಆ ಹುಡುಗ ಹುಟ್ಟಿದಾಗಿನಿಂದ ಎಲೆಅಡಿಕೆ ಹಾಕಿದವನಲ್ಲ.

"ದೊಡ್ಡದಾಗಿ ಬರಿಯೋ" ಎಂದಳು ಏಕಾಂತಮ್ಮ, ಸಿಟ್ಟಿನಿಂದಲೇ. "ಹೋದ್ಸಲ ಕೊನೆ ಅಕ್ಷರ ಸೊಟ್ಟ ಇತ್ತು."